ವಿಮಾನದ ಎಂಜಿನ್‌ನಲ್ಲಿ ಆಯಿಲ್ ಟೆಂಪರೇಚರ್ ಸೆನ್ಸರ್ ಎಲ್ಲಿ ಕೂರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ವಿಮಾನ ಕಟ್ಟುವವರು, ಹಳೇ ಗೇಜ್ ತೆಗೆಸಿ ಡಿಜಿಟಲ್ ಮಾನಿಟರ್ ಹಾಕಿಸುವವರು, ಎಂಜಿನ್ ಕೆಲಸ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಹೆಚ್ಚಿನ ಮಾತು ಪಿಸ್ಟನ್ ಎಂಜಿನ್ ಬಗ್ಗೆಯೇ ಇದೆ. ಜೆಟ್ ವಿಚಾರ ಕೊನೆ ಕಡೆ ಬರುತ್ತದೆ.

ಸುತ್ತು ಬಳಸದೆ ಹೇಳಿ, ಸೆನ್ಸರ್ ಎಲ್ಲಿ ಕೂರಬೇಕು?

ಆಯಿಲ್ ಕೂಲರ್ ದಾಟಿದ ಮೇಲೆ, ಬೇರಿಂಗ್‌ಗಳನ್ನು ತಲುಪುವ ಮೊದಲು. ಎಂಜಿನ್ ಒಳಕ್ಕೆ ಹೊರಟ ಆಯಿಲ್ ಎಷ್ಟು ಬಿಸಿ ಇದೆ ಅನ್ನುವುದೇ ನಮಗೆ ಬೇಕಾದ ಅಳತೆ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಮೆಕ್ಯಾನಿಕ್‌ಗಳಿಗೆಂದು ತಂದಿರುವ ಕೈಪಿಡಿ ಹೇಳುವುದೂ ಇದನ್ನೇ. ಆಯಿಲ್‌ಗೆ ಬೇರೆ ಟ್ಯಾಂಕ್ ಇರುವ ಡ್ರೈ ಸಂಪ್ ಎಂಜಿನ್ ಆದರೆ, ಟ್ಯಾಂಕ್‌ನಿಂದ ಎಂಜಿನ್‌ಗೆ ಬರುವ ಪೈಪಿನಲ್ಲಿ ಎಲ್ಲಾದರೂ ಸರಿ. ಆಯಿಲ್ ಎಂಜಿನ್ ಅಡಿಯಲ್ಲೇ ನಿಲ್ಲುವ ವೆಟ್ ಸಂಪ್ ಆದರೆ, ಕೂಲರ್ ಆದ ಮೇಲೆ. ಎರಡರಲ್ಲೂ ಷರತ್ತು ಒಂದೇ: ಆಯಿಲ್ ಎಂಜಿನ್‌ನ ಬಿಸಿ ಭಾಗಗಳಿಗೆ ಹೋಗುವ ಮೊದಲು ಅಳೆಯಬೇಕು.

ನಿಮ್ಮ ಎಂಜಿನ್‌ನಲ್ಲಿ ಕಂಪನಿಯವರೇ ಸೆನ್ಸರ್‌ಗೆ ತೂತು ಕೊಟ್ಟಿದ್ದರೆ ಯೋಚನೆಯೇ ಬೇಡ, ಅದೇ ಜಾಗ. ಮುಂದಿನದೆಲ್ಲ ಯಾಕೆ ಅದೇ ಜಾಗ ಅನ್ನುವವರಿಗೆ, ಮತ್ತೆ ಬೇರೆ ಜಾಗದ ಮೇಲೆ ಕಣ್ಣಿಟ್ಟಿರುವವರಿಗೆ.

ಬಿಸಿ ಆಗೋದು ಎಂಜಿನ್ ಒಳಗೆ ಅಲ್ವಾ? ಹೊರಗೆ ಬರುವ ಆಯಿಲ್ ಅಳೆದರೆ ತಾನೇ ನಿಜ ಗೊತ್ತಾಗೋದು?

ಒಳ್ಳೇ ಪ್ರಶ್ನೆ. ಹೊರಗೆ ಬರುವ ಆಯಿಲ್ ಅಳೆದರೂ ಉಪಯೋಗ ಇದೆ. ಆದರೆ ಮುಖ್ಯ ಗೇಜ್‌ಗೆ ಅದು ಸಲ್ಲುವುದಿಲ್ಲ. ಕಾರಣ ಎರಡು.

ಮೊದಲನೆಯದು ಬೇರಿಂಗ್. ಕ್ರ್ಯಾಂಕ್‌ಶಾಫ್ಟ್ ತೇಲುವುದು ಆಯಿಲ್‌ನ ತೆಳು ಪದರದ ಮೇಲೆ. ಆ ಪದರ ಭಾರ ಹೊರುತ್ತದೋ ಇಲ್ಲವೋ ಅನ್ನುವುದು ಆಯಿಲ್ ಎಷ್ಟು ಮಂದ ಇದೆ ಅನ್ನುವುದರ ಮೇಲೆ ನಿಂತಿದೆ. ಒಳಗೆ ಹೋಗುವ ಆಯಿಲ್ ಆಗಲೇ ತೀರಾ ಬಿಸಿಯಾಗಿ ನೀರಿನಂತೆ ತೆಳುವಾಗಿದ್ದರೆ, ಅಲ್ಲಿಂದ ಮುಂದೆ ಇನ್ನೂ ಬಿಸಿಯೇ ಆಗುತ್ತದೆ, ತಣ್ಣಗಾಗಲು ದಾರಿಯಿಲ್ಲ. ಜೊತೆಗೆ ಒಳಹೋಗುವ ಆಯಿಲ್ ಅಳೆದರೆ ಕೂಲರ್, ಥರ್ಮೋಸ್ಟಾಟ್ ಕೆಲಸ ಮಾಡುತ್ತಿವೆಯಾ ಅನ್ನುವುದೂ ಗೊತ್ತಾಗುತ್ತದೆ.

ಎರಡನೆಯದು ಕೆಂಪು ಗೆರೆ. ಗೇಜ್ ಮೇಲಿನ ಆ ಗೆರೆ ಒಂದು ನಿರ್ದಿಷ್ಟ ಜಾಗದ ಬಿಸಿಗೆ ಎಳೆದದ್ದು. ಎಂಜಿನ್‌ಗೆ ಪ್ರಮಾಣಪತ್ರ ಕೊಡುವ ಅಮೆರಿಕದ ನಿಯಮ 33.7, ಪಿಸ್ಟನ್ ಎಂಜಿನ್‌ಗೆ ಮಿತಿ ಗೊತ್ತು ಮಾಡಬೇಕಾದ ಬಿಸಿಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಬರೀ ‘ಆಯಿಲ್’ ಅಂತಿಲ್ಲ, ‘ಒಳಹೋಗುವ ಜಾಗದಲ್ಲಿ ಆಯಿಲ್’ ಅಂತಿದೆ. ಹಾಗಾಗಿ ಸೆನ್ಸರ್ ಜಾಗ ಬದಲಾಯಿಸಿದ ಕೂಡಲೇ ಕೈಪಿಡಿಯ ಅಂಕಿ ನಿಮಗೆ ಲಾಗೂ ಆಗುವುದಿಲ್ಲ. ಜ್ವರ ನೋಡುವಾಗ ಕಂಕುಳಲ್ಲಿ ಇಟ್ಟರೆ ಒಂದು ಅಂಕಿ, ಬಾಯಲ್ಲಿ ಇಟ್ಟರೆ ಇನ್ನೊಂದು, ಅಲ್ವಾ? ಎರಡೂ ಸುಳ್ಳಲ್ಲ, ಆದರೆ ಎಲ್ಲಿಟ್ಟಿದ್ದು ಅಂತ ಗೊತ್ತಿಲ್ಲದೆ ಎರಡಕ್ಕೂ ಬೆಲೆಯಿಲ್ಲ.

ಹಾಗಾದರೆ ಎಂಜಿನ್ ಒಳಗಿನ ಅತಿ ಹೆಚ್ಚು ಬಿಸಿ ಗೇಜ್‌ನಲ್ಲಿ ಕಾಣೋದೇ ಇಲ್ವಾ?

ಇಲ್ಲ. ಪಿಸ್ಟನ್ ತಳ, ಬೇರಿಂಗ್, ವಾಲ್ವ್ ಸುತ್ತ ಹಾದುಬರುವ ಆಯಿಲ್ ಗೇಜ್ ತೋರಿಸುವುದಕ್ಕಿಂತ ಬಿಸಿ ಇರುತ್ತದೆ. ಏರ್ ಕೂಲ್ಡ್ ಎಂಜಿನ್‌ಗಳಲ್ಲಿ ಸುಮಾರು 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 28 ಡಿಗ್ರಿ ಸೆಲ್ಸಿಯಸ್ ಆಸುಪಾಸು ಜಾಸ್ತಿ ಅನ್ನುವುದು ಮೆಕ್ಯಾನಿಕ್‌ಗಳ ಅಂದಾಜು.

ಈ ವ್ಯತ್ಯಾಸ ನೆನಪಿಟ್ಟರೆ ಇನ್ನೊಂದು ಗೊಂದಲವೂ ಬಗೆಹರಿಯುತ್ತದೆ. ಆಯಿಲ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಅಂತ ಅಂದುಕೊಂಡವರು ಬಹಳ ಜನ. ಅದು ತಪ್ಪು. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್‌ಗಳ ಸಂದಿನಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆ ನೀರು ಆವಿಯಾಗಿ ಹೋಗದೆ ಉಳಿದರೆ ಉರಿದ ಕಲ್ಮಶದ ಜೊತೆ ಸೇರಿ ಆಮ್ಲವಾಗುತ್ತದೆ, ಕ್ಯಾಮ್‌ಶಾಫ್ಟ್‌ಗೆ ತುಕ್ಕು ಹಿಡಿಯುತ್ತದೆ. ಗೇಜ್ 82 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದರೆ ಒಳಗಿನ ಬಿಸಿ ಜಾಗಗಳಲ್ಲಿ ಆಯಿಲ್ 100 ದಾಟಿರುತ್ತದೆ, ನೀರು ಹೋಗುತ್ತದೆ. ಗೇಜ್ 60ರಲ್ಲೇ ನಿಂತರೆ ಹೋಗುವುದು ಕಷ್ಟ. ಚಳಿ ಕಾಲದಲ್ಲಿ ಕೂಲರ್‌ಗೆ ಅರ್ಧ ಮುಚ್ಚಳ ಹಾಕುವುದು ಇದಕ್ಕೇ.

ಲೈಕಮಿಂಗ್ ಕಂಪನಿಯ ಪಿಸ್ಟನ್ ಎಂಜಿನ್‌ನಲ್ಲಿ ಈ ಜಾಗ ಎಲ್ಲಿದೆ?

ಹಿಂಬದಿಯ ಆಕ್ಸೆಸರಿ ಕೇಸ್‌ನಲ್ಲಿ, ಆಯಿಲ್ ಸ್ಕ್ರೀನ್ ಅಥವಾ ಫಿಲ್ಟರ್ ಕೂರುವ ಹೌಸಿಂಗ್ ಮೇಲೆ. ಪಕ್ಕದಲ್ಲೇ ವರ್ನಾಥರ್ಮ್ ಅನ್ನುವ ಥರ್ಮೋಸ್ಟಾಟ್ ವಾಲ್ವ್ ಇರುತ್ತದೆ. ಎರಡೂ ಪಕ್ಕಪಕ್ಕ ಇರುವುದು ಸುಮ್ನೆ ಅಲ್ಲ.

ಆಯಿಲ್ ಹೋಗುವ ದಾರಿ ನೋಡಿ. ಸಂಪ್‌ನಿಂದ ಪಂಪ್ ಎಳೆಯುತ್ತದೆ. ಅಲ್ಲಿಂದ ಎರಡು ದಾರಿ: ಕೂಲರ್ ಮೂಲಕ ಸುತ್ತಿ ಬರುವುದು, ಇಲ್ಲವೇ ಬೈಪಾಸ್‌ನಲ್ಲಿ ನೇರ ಬರುವುದು. ಆಯಿಲ್ ತಣ್ಣಗಿರುವಾಗ ವರ್ನಾಥರ್ಮ್ ತೆರೆದಿರುತ್ತದೆ, ಹೆಚ್ಚಿನ ಆಯಿಲ್ ನೇರ ಬರುತ್ತದೆ. ಸುಮಾರು 85 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಉದ್ದ ಆಗಿ ತನ್ನ ಸೀಟ್ ಮೇಲೆ ಕೂರುತ್ತದೆ, ಬೈಪಾಸ್ ಮುಚ್ಚುತ್ತದೆ, ಆಯಿಲ್ ಕೂಲರ್ ಸುತ್ತಲೇಬೇಕು. ಎರಡೂ ದಾರಿ ಕೂಡಿದ ಮೇಲೆ ಫಿಲ್ಟರ್, ಆಮೇಲೆ ಎಂಜಿನ್. ಸೆನ್ಸರ್ ಇರುವುದು ಈ ಕೂಡುವ ಜಾಗದಲ್ಲಿ. ಹಾಗಾಗಿ ಯಾವ ದಾರಿಯಲ್ಲಿ ಎಷ್ಟು ಬಂದರೂ, ಬೆರೆತ ಆಯಿಲ್‌ನ ಬಿಸಿ ಅದಕ್ಕೆ ಗೊತ್ತಾಗುತ್ತದೆ.

ಈ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 82 ಡಿಗ್ರಿ ಒಳ್ಳೇ ಬಿಸಿ, 118 ಕೆಂಪು ಗೆರೆ. ಫ್ಯಾರನ್‌ಹೀಟ್‌ನಲ್ಲಿ 180 ಮತ್ತು 245. ಫಿಲ್ಟರ್ ಅಡಾಪ್ಟರ್ ಬದಲಿಸಿದರೆ ಹೊಸದರಲ್ಲಿ ಸೆನ್ಸರ್ ತೂತು ಇದೆಯಾ, ಅದು ಹರಿಯುವ ಆಯಿಲ್‌ಗೆ ತೆರೆದಿದೆಯಾ ಅಂತ ನೋಡಿಕೊಳ್ಳಿ.

ಕಾಂಟಿನೆಂಟಲ್ ಕಂಪನಿಯ ಎಂಜಿನ್‌ಗಳಲ್ಲಿ?

ಮಾಡೆಲ್ ಮೇಲೆ ಹೋಗುತ್ತದೆ. ಒ-200 ತರಹದ ಸಣ್ಣವುಗಳಲ್ಲಿ ಆಯಿಲ್ ಸ್ಕ್ರೀನ್‌ನ ತುದಿಗೇ ಬಲ್ಬ್, ಅಂದರೆ ಬಿಸಿ ಅಳೆಯುವ ಸೆನ್ಸರ್, ಕೂರುತ್ತದೆ. ದೊಡ್ಡ ಎಂಜಿನ್‌ಗಳಿಗೆ ಆಯಾ ಮಾಡೆಲ್‌ನ ಇನ್‌ಸ್ಟಾಲೇಷನ್ ಡ್ರಾಯಿಂಗ್ ನೋಡಿ, ಊಹೆ ಬೇಡ.

ರೋಟ್ಯಾಕ್ಸ್ ಕಂಪನಿಯ 912 ಎಂಜಿನ್‌ನಲ್ಲಿ ಸೆನ್ಸರ್ ಪಂಪ್ ಮೇಲೇ ಇದೆ. ಅದು ಸರಿಯಾ?

ಸರಿಯಾಗಿಯೇ ಇದೆ. ಇದು ಡ್ರೈ ಸಂಪ್ ಎಂಜಿನ್. ಆಯಿಲ್ ಟ್ಯಾಂಕ್‌ನಿಂದ ಹೊರಟು ಮೊದಲು ಕೂಲರ್‌ಗೆ, ಅಲ್ಲಿಂದ ಪಂಪ್‌ಗೆ ಬರುತ್ತದೆ. ಕೂಲರ್ ಇರುವುದು ಪಂಪ್ ಎಳೆಯುವ ಕಡೆ, ತಳ್ಳುವ ಕಡೆ ಅಲ್ಲ. ಹಾಗಾಗಿ ಪಂಪ್ ಹೌಸಿಂಗ್ ತಲುಪುವಾಗ ಆಯಿಲ್ ಆಗಲೇ ತಣ್ಣಗಾಗಿದೆ, ಎಂಜಿನ್ ಒಳಗೆ ಹೊರಟಿದೆ. ಲೈಕಮಿಂಗ್‌ಗೆ ಹೋಲಿಸಿದರೆ ಜಾಗ ಬೇರೆ, ತತ್ವ ಅದೇ.

ಅಂಕಿ ಮಾತ್ರ ಬೇರೆ. 912ರ ಯುಎಲ್‌ಎಸ್ ಮಾಡೆಲ್‌ಗೆ ಕನಿಷ್ಠ 50, ಗರಿಷ್ಠ 130 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಓಟದಲ್ಲಿ 90ರಿಂದ 110. ಹಾರುವ ದಿನ ಒಮ್ಮೆಯಾದರೂ 100 ಮುಟ್ಟಬೇಕು ಅಂತಲೂ ಕಂಪನಿ ಹೇಳುತ್ತದೆ, ಮೇಲೆ ಹೇಳಿದ ನೀರಿನ ಕಾರಣಕ್ಕೇ. ಲೈಕಮಿಂಗ್ ಓಡಿಸಿ ಅಭ್ಯಾಸ ಇರುವವರು 110 ಕಂಡು ಗಾಬರಿಯಾಗುವುದುಂಟು. ಗಾಬರಿ ಬೇಡ.

ಡ್ರೈನ್ ಪ್ಲಗ್ ಜಾಗದಲ್ಲಿ ಸೆನ್ಸರ್ ಹಾಕಿದರೆ ಕೆಲಸ ಸುಲಭ. ಏನು ತೊಂದರೆ?

ಕಾರಿನ ಎಂಜಿನ್ ವಿಮಾನಕ್ಕೆ ಹೊಂದಿಸುವವರು ಹೆಚ್ಚಾಗಿ ಹಿಡಿಯುವ ದಾರಿ ಇದು. ನನ್ನ ಅಭಿಪ್ರಾಯದಲ್ಲಿ, ಬೇರೆ ದಾರಿ ಇದ್ದರೆ ಬೇಡ.

ಕೂಲರ್ ಪಂಪ್ ಆದ ಮೇಲೆ ಇರುವ ಎಂಜಿನ್‌ನಲ್ಲಿ ಸಂಪ್‌ನಲ್ಲಿರುವುದು ಕೂಲರ್ ಕಾಣದ ಆಯಿಲ್. ಒಳಹೋಗುವ ಆಯಿಲ್‌ಗಿಂತ ಬಿಸಿ ತೋರಿಸುತ್ತದೆ. ಎಷ್ಟು ಜಾಸ್ತಿ ಅನ್ನುವುದು ಕೂಲರ್ ಆ ಹೊತ್ತಿಗೆ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದರ ಮೇಲೆ ಇರುವುದರಿಂದ, ‘ಇಷ್ಟು ಕಳೆದುಕೊಂಡರೆ ಸರಿ’ ಅಂತ ಲೆಕ್ಕ ಹಾಕುವುದಕ್ಕೂ ಆಗುವುದಿಲ್ಲ. ಡ್ರೈನ್ ತೂತು ಇರುವುದು ಸಂಪ್‌ನ ಮೂಲೆಯಲ್ಲೋ ತಗ್ಗಿನಲ್ಲೋ. ಅಲ್ಲಿ ಆಯಿಲ್ ಹೆಚ್ಚು ಓಡಾಡುವುದಿಲ್ಲ. ಹೊರಗಿನಿಂದ ಗಾಳಿ ಬಡಿದು ಸಂಪ್‌ನ ಲೋಹ ತಣ್ಣಗಾಗಿರುತ್ತದೆ, ಸೆನ್ಸರ್ ಅದರ ಬಿಸಿಯನ್ನೂ ಬೆರೆಸಿ ಹೇಳುತ್ತದೆ. ಪ್ರತಿ ಸಲ ಆಯಿಲ್ ಬದಲಿಸುವಾಗ ವೈರ್ ಬಿಚ್ಚಬೇಕು, ಒಂದು ದಿನ ಅದು ತುಂಡಾಗುತ್ತದೆ. ಕೆಳಗೆ ಚಾಚಿಕೊಂಡ ಸೆನ್ಸರ್‌ಗೆ ಏಟು ಬಿದ್ದರೆ ಹೋಗುವುದು ಬರೀ ರೀಡಿಂಗ್ ಅಲ್ಲ, ಆಯಿಲ್ ಪೂರ್ತಿ.

ಇಷ್ಟಾದರೂ ಅಲ್ಲೇ ಹಾಕಬೇಕಾದರೆ, ಎಂಜಿನ್ ಕೊಟ್ಟವರಿಂದ ಸಂಪ್ ಬಿಸಿಯ ಮಿತಿ ಎಷ್ಟು ಅಂತ ಕೇಳಿ ಪಡೆಯಿರಿ.

ಪ್ರೆಶರ್ ಸೆನ್ಸರ್ ಫೈರ್‌ವಾಲ್ (ಎಂಜಿನ್ ಹಿಂದಿನ ಬೆಂಕಿ ತಡೆಯುವ ಗೋಡೆ) ಮೇಲಿದೆ, ಎಂಜಿನ್‌ನಿಂದ ಹೋಸ್ ಬಂದಿದೆ. ಅಲ್ಲೇ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಟೆಂಪರೇಚರ್ ಸೆನ್ಸರ್ ಕೂರಿಸಲಾ?

ಬೇಡವೇ ಬೇಡ. ಆ ಹೋಸ್‌ನಲ್ಲಿ ಆಯಿಲ್ ಇದೆ, ಆದರೆ ಹರಿಯುತ್ತಿಲ್ಲ. ತುದಿ ಮುಚ್ಚಿದ ಹೋಸ್ ಅದು. ಒತ್ತಡ ನಿಂತ ಆಯಿಲ್ ಮೂಲಕವೂ ತಲುಪುತ್ತದೆ, ಬಿಸಿ ತಲುಪುವುದಿಲ್ಲ. ನಿಮಗೆ ಸಿಗುವುದು ಕೌಲಿಂಗ್, ಅಂದರೆ ಎಂಜಿನ್ ಸುತ್ತಲಿನ ಹೊದಿಕೆ, ಒಳಗಿನ ಗಾಳಿಯ ಬಿಸಿ ಮಾತ್ರ.

ಒತ್ತಡದ ಸೆನ್ಸರ್ ತೂಕ ಜಾಸ್ತಿ. ಎಂಜಿನ್ ಮೇಲೆ ನೇರ ಕೂರಿಸಿದರೆ ನಡುಕಕ್ಕೆ ಫಿಟ್ಟಿಂಗ್ ಬಿರುಕು ಬಿಡುತ್ತದೆ ಅಂತಲೇ ಅದನ್ನು ಫೈರ್‌ವಾಲ್‌ಗೆ ಒಯ್ಯುತ್ತಾರೆ. ಹೋಸ್ ಒಡೆದರೂ ಆಯಿಲ್ ಬೇಗ ಸೋರಬಾರದು ಅಂತ ಎಂಜಿನ್ ತುದಿಯಲ್ಲಿ ಸಣ್ಣ ರಂಧ್ರದ ಫಿಟ್ಟಿಂಗ್ ಹಾಕುತ್ತಾರೆ. ಟೆಂಪರೇಚರ್ ಸೆನ್ಸರ್ ಹಗುರ, ಅದು ಎಂಜಿನ್ ಮೇಲೇ ಇರಬೇಕು, ತುದಿ ಹರಿಯುವ ಆಯಿಲ್‌ನಲ್ಲಿ ಮುಳುಗಿರಬೇಕು. ಟೀ, ನಿಪ್ಪಲ್, ಅಡಾಪ್ಟರ್ ಅಂತ ಒಂದರ ಮೇಲೊಂದು ಪೇರಿಸಿದರೆ ಸೆನ್ಸರ್ ತುದಿ ಹೊರಗೇ ಉಳಿದು ಹರಿವನ್ನು ಮುಟ್ಟುವುದೇ ಇಲ್ಲ.

ಎರಡು ಸೆನ್ಸರ್ ಹಾಕಬಹುದಾ?

ಹಾಕಿದರೆ ಬಹಳ ಒಳ್ಳೆಯದು, ಅದರಲ್ಲೂ ಹೊಸದಾಗಿ ಕಟ್ಟಿದ ವಿಮಾನದ ಮೊದಲ ಹಾರಾಟಗಳಲ್ಲಿ. ಕೂಲರ್‌ಗೆ ಹೋಗುವ ಪೈಪಿಗೆ ಒಂದು, ಬರುವ ಪೈಪಿಗೆ ಒಂದು. ಮುಖ್ಯ ಸೆನ್ಸರ್ ತನ್ನ ಜಾಗದಲ್ಲೇ ಇರಲಿ.

ಈಗ ಆಯಿಲ್ ಬಿಸಿ ಏರುತ್ತಿದೆ ಅಂದುಕೊಳ್ಳಿ. ಕೂಲರ್ ಎರಡೂ ಕಡೆ ದೊಡ್ಡ ವ್ಯತ್ಯಾಸ ಇದೆ, ಆದರೂ ಎಂಜಿನ್‌ಗೆ ಹೋಗುವ ಆಯಿಲ್ ಬಿಸಿಯೇ ಇದೆ ಅಂದರೆ ಸ್ವಲ್ಪವೇ ಆಯಿಲ್ ಕೂಲರ್‌ಗೆ ಹೋಗುತ್ತಿದೆ. ವರ್ನಾಥರ್ಮ್ ಪೂರ್ತಿ ಮುಚ್ಚುತ್ತಿಲ್ಲ, ಅಥವಾ ಅದರ ಸೀಟ್ ಸವೆದಿದೆ. ವ್ಯತ್ಯಾಸ ಚಿಕ್ಕದಿದ್ದರೆ ಕೂಲರ್‌ಗೆ ಗಾಳಿ ಸಾಲುತ್ತಿಲ್ಲ: ಗಾಳಿ ತರುವ ಡಕ್ಟ್, ಗಾಳಿ ಪಕ್ಕಕ್ಕೆ ಸೋರದಂತೆ ತಡೆಯುವ ಬ್ಯಾಫಲ್ ಸೀಲ್ ನೋಡಿ. ಒಂದೇ ಸೆನ್ಸರ್ ಇದ್ದರೆ ಈ ಎರಡನ್ನು ಬೇರ್ಪಡಿಸಲು ವಾರಗಟ್ಟಲೆ ಕೌಲಿಂಗ್ ಬಿಚ್ಚಿ ಕಟ್ಟುತ್ತಿರಬೇಕು.

ಥ್ರೆಡ್ ಮೇಲೆ ಟೆಫ್ಲಾನ್ ಟೇಪ್ ಸುತ್ತಬಹುದಾ?

ಬೇಡ. ಟೇಪ್ ಚೂರು ಹರಿದು ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಇನ್ನೊಂದು, ಒಂದೇ ವೈರ್ ಇರುವ ಸೆನ್ಸರ್‌ಗಳಿಗೆ ಅದರ ಲೋಹದ ಮೈಯೇ ಅರ್ಥಿಂಗ್. ಟೇಪ್ ಆ ಸಂಪರ್ಕ ಕೆಡಿಸುತ್ತದೆ.

ಲೈಕಮಿಂಗ್, ಕಾಂಟಿನೆಂಟಲ್‌ಗಳಲ್ಲಿ ಕಾಣುವ ಮಾಮೂಲಿ ಬಲ್ಬ್ 5/8-18 ನೇರ ಥ್ರೆಡ್‌ನದು. ಇಲ್ಲಿ ಆಯಿಲ್ ತಡೆಯುವುದು ಥ್ರೆಡ್ ಅಲ್ಲ, ತಲೆಯ ಕೆಳಗಿನ ತಾಮ್ರದ ವಾಷರ್. ಬಿಗಿದಾಗ ಅದು ಅಪ್ಪಚ್ಚಿಯಾಗಿ ಸಂದು ಮುಚ್ಚುತ್ತದೆ. ಒಮ್ಮೆ ಅಪ್ಪಚ್ಚಿಯಾದದ್ದನ್ನು ಮತ್ತೆ ಹಾಕಬೇಡಿ, ಹೊಸದು ಹಾಕಿ. ಆಮೇಲೆ ಸಡಿಲವಾಗದಂತೆ ಕಟ್ಟುವ ಸೇಫ್ಟಿ ವೈರ್. ಕೋನ್ ಆಕಾರದ ಪೈಪ್ ಥ್ರೆಡ್ ಆದರೆ ಆಯಿಲ್‌ಗೆ ಹೊಂದುವ ಸೀಲಂಟ್ ಸ್ವಲ್ಪವೇ, ಮೊದಲ ಎಳೆ ಬಿಟ್ಟು ಹಚ್ಚಿ.

ಯಾವ ಬಗೆಯ ಸೆನ್ಸರ್ ಒಳ್ಳೆಯದು?

ನಿಮ್ಮ ಗೇಜ್ ಯಾವುದನ್ನು ಕೇಳುತ್ತದೋ ಅದು. ಅದಲು ಬದಲು ನಡೆಯುವುದಿಲ್ಲ.

ಹಳೆಯ ವಿಮಾನಗಳಲ್ಲಿ ಬಲ್ಬ್‌ನಿಂದ ಗೇಜ್‌ವರೆಗೆ ಸಣ್ಣ ತಾಮ್ರದ ನಳಿಗೆ ಹೋಗುತ್ತದೆ, ಒಳಗಿನ ದ್ರವ ಬಿಸಿಯಾಗಿ ಒತ್ತಡ ಹುಟ್ಟಿಸಿ ಮುಳ್ಳು ತಿರುಗಿಸುತ್ತದೆ. ಕರೆಂಟೇ ಬೇಡ, ಆದರೆ ನಳಿಗೆ ಮಡಚಿದರೆ ಪೂರ್ತಿ ಸೆಟ್ ಹೋದಂತೆ. ಥರ್ಮಿಸ್ಟರ್ ಬಗೆಯದು ಬಿಸಿಯಾದಂತೆ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ. ಪ್ಲಾಟಿನಮ್ ಬಗೆಯದರಲ್ಲಿ ಹೆಚ್ಚಾಗುತ್ತದೆ: ಪಿಟಿ100 ಸೆನ್ಸರ್ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ ಸುಮಾರು 138.5 ಓಮ್. ಡಿಗ್ರಿಗೆ 0.385 ಓಮ್ ಅಷ್ಟೇ ಬದಲಾವಣೆ. ಎರಡೇ ವೈರ್‌ನಲ್ಲಿ ಜೋಡಿಸಿದ್ದರೆ, ವೈರ್ ತುದಿಯ ಕೆಟ್ಟ ಕ್ರಿಂಪ್ (ಒತ್ತಿ ಮಾಡಿದ ಜೋಡಣೆ) ಒಂದು ಓಮ್ ಸೇರಿಸಿದರೆ ಸಾಕು, ಎರಡೂವರೆ ಡಿಗ್ರಿ ಸುಳ್ಳು.

ಎರಡು ಬೇರೆ ಲೋಹದ ವೈರ್ ಕೂಡಿಸಿ ಮಾಡಿದ ಥರ್ಮೋಕಪಲ್ ಆದರೆ ಅದರ ವೈರ್‌ಗೆ ಮಾಮೂಲಿ ತಾಮ್ರದ ವೈರ್ ಸೇರಿಸಿ ಉದ್ದ ಮಾಡಬೇಡಿ, ಅದೇ ಜಾತಿಯ ವೈರ್ ಬೇಕು. ಯಾವುದೇ ಬಗೆಯಾಗಲಿ, ವೈರ್ ಎಕ್ಸಾಸ್ಟ್ ಪೈಪಿನಿಂದ, ಕಿಡಿಗೆ ಕರೆಂಟ್ ಕೊಡುವ ಮ್ಯಾಗ್ನೆಟೋ ವೈರ್‌ಗಳಿಂದ ದೂರ ಓಡಲಿ.

ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಆಯಿಲ್ ಬಿಸಿ ಬದಲಾಗುತ್ತೆ. ಇದೇನು ಮಾಯೆ?

ಅರ್ಥಿಂಗ್ ತೊಂದರೆ. ಸೆನ್ಸರ್‌ನ ಅರ್ಥಿಂಗ್ ಎಂಜಿನ್‌ಗೆ, ಗೇಜ್‌ನದು ಪ್ಯಾನಲ್‌ಗೆ. ಇವೆರಡರ ನಡುವಿನ ದಾರಿಯಲ್ಲಿ ಕರೆಂಟ್ ಜಾಸ್ತಿ ಓಡಿದಾಗ ಸಣ್ಣ ವೋಲ್ಟೇಜ್ ವ್ಯತ್ಯಾಸ ಬರುತ್ತದೆ, ಗೇಜ್ ಅದನ್ನೇ ಬಿಸಿ ಅಂತ ಓದುತ್ತದೆ. ಎಂಜಿನ್‌ನಿಂದ ಏರ್‌ಫ್ರೇಮ್‌ಗೆ ಹೋಗುವ ದಪ್ಪ ಪಟ್ಟಿಯ ಎರಡೂ ತುದಿ ಬಿಚ್ಚಿ, ಉಜ್ಜಿ, ಬಿಗಿಯಿರಿ. ಅರ್ಧಕ್ಕರ್ಧ ಸಲ ಅಲ್ಲಿಗೆ ಮುಗಿಯುತ್ತದೆ. ಸಾಧ್ಯವಾದರೆ ಎರಡು ವೈರ್‌ನ ಸೆನ್ಸರ್‌ಗೆ ಬದಲಾಯಿಸಿ.

ಸೆನ್ಸರ್ ನಿಜ ಹೇಳುತ್ತಿದೆಯಾ ಅಂತ ನೋಡೋದು ಹೇಗೆ?

ಕುದಿಯುವ ನೀರು. ಸೆನ್ಸರ್ ಬಿಚ್ಚಿ, ವೈರ್ ಹಾಗೇ ಇರಲಿ, ತುದಿಯನ್ನು ಕುದಿಯುವ ನೀರಲ್ಲಿ ಅದ್ದಿ, ಪಾತ್ರೆಯ ತಳ ಮುಟ್ಟದಂತೆ ಹಿಡಿಯಿರಿ. ಒಂದೇ ವೈರ್‌ನ ಸೆನ್ಸರ್ ಆದರೆ ಅದರ ಮೈಯಿಂದ ಎಂಜಿನ್‌ಗೆ ಕ್ಲಿಪ್ ಇರುವ ತಾತ್ಕಾಲಿಕ ವೈರ್ ಕೊಡಿ. ಇದನ್ನು ಮರೆತು ‘ಸೆನ್ಸರ್ ಸತ್ತಿದೆ’ ಅಂತ ಹೊಸದು ತರಿಸುವವರು ಕಡಿಮೆಯೇನಿಲ್ಲ. ಸಮುದ್ರ ಮಟ್ಟದಲ್ಲಿ 100 ಡಿಗ್ರಿ ತೋರಿಸಬೇಕು. ಎತ್ತರ ಏರಿದಂತೆ ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿ ಕಳೆಯಿರಿ. ಅದೇ ಹೊತ್ತಿಗೆ ಐಸ್ ಕರಗುತ್ತಿರುವ ನೀರಲ್ಲೂ ಅದ್ದಿ ನೋಡಿದರೆ ಎರಡು ತುದಿಯೂ ತಿಳಿಯುತ್ತದೆ. ಗೇಜ್ 40ರಿಂದ ಶುರುವಾಗುವುದಾದರೆ ಐಸ್ ಬೇಡ, ಬೆಚ್ಚಗಿನ ನೀರು ಮತ್ತು ಇನ್ನೊಂದು ಥರ್ಮಾಮೀಟರ್ ಸಾಕು.

ಹಾರುವಾಗ ಗೇಜ್ ಏಕಾಏಕಿ ಕೆಂಪಿಗೆ ಹೋದರೆ ಎಂಜಿನ್ ಕೆಟ್ಟಿದೆಯೋ, ಸೆನ್ಸರ್ ಕೆಟ್ಟಿದೆಯೋ?

ಆಯಿಲ್ ಪ್ರೆಶರ್ ನೋಡಿ. ಆಯಿಲ್ ನಿಜಕ್ಕೂ ಬಿಸಿಯಾದರೆ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ. ಬಿಸಿ ಏರಿ ಒತ್ತಡ ಇಳಿಯುತ್ತಿದ್ದರೆ ಚರ್ಚೆ ಬೇಡ, ಪವರ್ ಇಳಿಸಿ ಹತ್ತಿರದ ರನ್‌ವೇ ಹಿಡಿಯಿರಿ. ಒತ್ತಡ, ಸಿಲಿಂಡರ್ ಹೆಡ್ ಬಿಸಿ ಎರಡೂ ಕದಲದೆ ಇದ್ದರೆ ಸೆನ್ಸರ್ ಮೇಲೆ ಅನುಮಾನ. ಆದರೂ ಇಳಿದ ಮೇಲೆ ಅನುಮಾನ ಪಡಿ, ಮೇಲಿದ್ದಾಗ ಅಲ್ಲ.

ಏರಿದ ವೇಗವೂ ಸುಳಿವು ಕೊಡುತ್ತದೆ. ಇಷ್ಟೊಂದು ಲೀಟರ್ ಆಯಿಲ್ ಒಂದು ಸೆಕೆಂಡಿನಲ್ಲಿ 40 ಡಿಗ್ರಿ ಏರಲಾರದು. ಹಾಗೆ ಜಿಗಿದರೆ ವೈರ್ ತೊಂದರೆ. ಥರ್ಮಿಸ್ಟರ್ ವೈರ್ ಎಲ್ಲೋ ಉಜ್ಜಿ ಲೋಹಕ್ಕೆ ತಾಗಿದರೆ ಗೇಜ್ ತುತ್ತತುದಿಗೆ ಹೋಗುತ್ತದೆ, ತುಂಡಾದರೆ ತಳಕ್ಕೆ ಬೀಳುತ್ತದೆ. ಪ್ಲಾಟಿನಮ್ ಬಗೆಯದರಲ್ಲಿ ಇದು ತಿರುಗುಮುರುಗು.

ನಿಧಾನವಾಗಿ, ದಿನದಿಂದ ದಿನಕ್ಕೆ ಬಿಸಿ ಏರುತ್ತಿದ್ದರೆ ಬೇರೆ ಕಥೆ. ಕೂಲರ್ ಕಸ, ವರ್ನಾಥರ್ಮ್, ಕಡಿಮೆ ಆಯಿಲ್, ಸವೆದ ರಿಂಗ್‌ಗಳಿಂದ ಇಳಿಯುವ ಬಿಸಿ ಗ್ಯಾಸ್, ಒಂದೊಂದಾಗಿ ನೋಡಬೇಕು. ಕಡು ಚಳಿಯಲ್ಲಿ ಇನ್ನೊಂದು ವಿಚಿತ್ರ ಆಗುತ್ತದೆ: ಕೂಲರ್ ಒಳಗೆ ಆಯಿಲ್ ಗಟ್ಟಿಯಾಗಿ ದಾರಿ ಕಟ್ಟುತ್ತದೆ, ಆಯಿಲ್ ಬೈಪಾಸ್‌ನಲ್ಲೇ ಓಡುತ್ತದೆ, ಹೊರಗೆ ಹಿಮ ಬೀಳುತ್ತಿದ್ದರೂ ಗೇಜ್ ಏರುತ್ತದೆ.

ಆಯಿಲ್ ಪೂರ್ತಿ ಸೋರಿಹೋದರೆ ಟೆಂಪರೇಚರ್ ಗೇಜ್ ಎಚ್ಚರಿಸುತ್ತಾ?

ಅದನ್ನು ನಂಬಬೇಡಿ. ಸೆನ್ಸರ್ ಸುತ್ತ ಆಯಿಲ್ ಇಲ್ಲದಿದ್ದರೆ ಅದಕ್ಕೆ ಬಿಸಿ ತಂದುಕೊಡುವವರೇ ಇಲ್ಲ. ಇದರಲ್ಲಿ ಮೊದಲು ಮಾತಾಡುವುದು ಪ್ರೆಶರ್ ಗೇಜ್.

ಜೆಟ್ ಎಂಜಿನ್‌ಗಳಲ್ಲೂ ಇದೇ ನಿಯಮವಾ?

ಅಲ್ಲ. ಮೇಲೆ ಹೇಳಿದ 33.7 ನಿಯಮವೇ ಟರ್ಬೈನ್‌ಗೆ ಬಂದಾಗ ಮಾತು ಬದಲಿಸುತ್ತದೆ: ಎಂಜಿನ್ ಮಾಡಿದವರು ಹೇಳಿದ ಜಾಗದಲ್ಲಿ ಆಯಿಲ್ ಅಳೆದರೆ ಸಾಕು.

ಟರ್ಬೈನ್‌ನಲ್ಲಿ ಆಯಿಲ್‌ನ ದೊಡ್ಡ ಕೆಲಸ ಕೆಲವೇ ಬೇರಿಂಗ್‌ಗಳನ್ನು ನೋಡಿಕೊಳ್ಳುವುದು. ಬೇರಿಂಗ್‌ಗಳಿಂದ ವಾಪಸ್ ಬರುವ ಆಯಿಲ್ ಎಳೆದುಕೊಳ್ಳಲು ಬೇರೆ ಪಂಪ್‌ಗಳಿವೆ, ಆ ವಾಪಸ್ ದಾರಿಯನ್ನು ಸ್ಕ್ಯಾವೆಂಜ್ ಲೈನ್ ಅನ್ನುತ್ತಾರೆ. ಸೆನ್ಸರ್ ಈ ಲೈನ್‌ನಲ್ಲಿದ್ದರೆ ಒಂದು ಬೇರಿಂಗ್ ಹಾಳಾಗತೊಡಗಿದ ಕೂಡಲೇ ಬಿಸಿ ಏರಿದ್ದು ಕಾಣುತ್ತದೆ. ಒಳಹೋಗುವ ಲೈನ್‌ನಲ್ಲಿದ್ದರೆ ಅದೇ ಬಿಸಿ ಟ್ಯಾಂಕ್, ಕೂಲರ್ ಎಲ್ಲ ಸುತ್ತಿ, ಅರ್ಧ ಅಳಿಸಿಹೋಗಿ ಬರುತ್ತದೆ. ಲೋಹದ ಚೂರು ಹಿಡಿಯುವ ಮ್ಯಾಗ್ನೆಟಿಕ್ ಡಿಟೆಕ್ಟರ್‌ಗಳೂ ಸ್ಕ್ಯಾವೆಂಜ್ ಕಡೆಗೇ ಇರುವುದು ಇದೇ ಕಾರಣಕ್ಕೆ.

ಕೂಲರ್ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಪಸ್ ಬರುವ ಆಯಿಲ್ ತಣ್ಣಗಾಗಿ ಟ್ಯಾಂಕ್ ಸೇರುತ್ತದೆ, ಕೆಲವದರಲ್ಲಿ ಬಿಸಿಯಾಗೇ ಟ್ಯಾಂಕ್ ಸೇರಿ, ಬೇರಿಂಗ್‌ಗೆ ಹೋಗುವ ದಾರಿಯಲ್ಲಿ ತಣ್ಣಗಾಗುತ್ತದೆ. ಮೊದಲನೆಯದನ್ನು ಕೋಲ್ಡ್ ಟ್ಯಾಂಕ್, ಎರಡನೆಯದನ್ನು ಹಾಟ್ ಟ್ಯಾಂಕ್ ಅನ್ನುತ್ತಾರೆ. ಹಾಗಾಗಿ ಎರಡು ಬೇರೆ ಜೆಟ್‌ಗಳ ಆಯಿಲ್ ಬಿಸಿ ಹೋಲಿಸಿ ವಾದ ಮಾಡುವುದರಲ್ಲಿ ಅರ್ಥವಿಲ್ಲ.

ಪ್ರಮಾಣಪತ್ರ ಇರುವ ವಿಮಾನದಲ್ಲಿ ನಾನೇ ಸೆನ್ಸರ್ ಜಾಗ ಬದಲಿಸಬಹುದಾ?

ಮುಖ್ಯ ಗೇಜ್‌ನದಾದರೆ ಇಲ್ಲ. ಅಮೆರಿಕದ ನಿಯಮ 91.205 ಪ್ರಕಾರ ಸ್ಟ್ಯಾಂಡರ್ಡ್ ಪ್ರಮಾಣಪತ್ರದ ವಿಮಾನ ಹಾರಬೇಕಾದರೆ ಗಾಳಿಯಿಂದ ತಣಿಯುವ ಪ್ರತಿ ಎಂಜಿನ್‌ಗೂ ಕೆಲಸ ಮಾಡುವ ಆಯಿಲ್ ಟೆಂಪರೇಚರ್ ಗೇಜ್ ಇರಲೇಬೇಕು. ಅದನ್ನು ಬದಲಿಸಲು, ಸೆನ್ಸರ್ ಸರಿಸಲು ಒಪ್ಪಿಗೆ ಪಡೆದ ಡ್ರಾಯಿಂಗ್ ಬೇಕು. ಡಿಜಿಟಲ್ ಮಾನಿಟರ್ ಕೊಳ್ಳುವಾಗ ಅದಕ್ಕೆ ಮುಖ್ಯ ಗೇಜ್‌ನ ಜಾಗ ತುಂಬುವ ಒಪ್ಪಿಗೆ ಇದೆಯಾ, ಬರೀ ಹೆಚ್ಚುವರಿ ಮಾಹಿತಿಗಾ ಅಂತ ಕೇಳಿ. ಎರಡನೆಯದಾದರೆ ಹಳೇ ಗೇಜ್, ಹಳೇ ಬಲ್ಬ್ ಕೀಳುವ ಹಾಗಿಲ್ಲ. ತೂತು ಒಂದೇ, ಸೆನ್ಸರ್ ಎರಡು ಅನ್ನುವ ಪಜೀತಿ ಬರುವುದು ಇಲ್ಲೇ. ಕೊಳ್ಳುವ ಮೊದಲೇ ಎರಡನೇ ಸೆನ್ಸರ್‌ಗೆ ಯಾವ ಜಾಗ ಒಪ್ಪಿಗೆಯಾಗಿದೆ ಅಂತ ಇನ್‌ಸ್ಟಾಲೇಷನ್ ಪುಸ್ತಕ ತೆಗೆದು ನೋಡಿ.